ವರ್ಷತೊಡಕಿನ ಗುಡ್ಡೆ ಬಾಡು ಲ್ಯಾಬಿಗೆ ಹೋದದ್ದು

ಅದು ಹೋದ ವರ್ಷದ ಯುಗಾದಿಯ ಮರುದಿನ, ಅಂದರೆ ವರ್ಷತೊಡಕು. ನಮ್ಮ ಆನೇಕಲ್ ಕಡೆಯವರಿಗೆ ಯುಗಾದಿಗಿಂತ ವರ್ಷತೊಡಕೇ ದೊಡ್ಡ ಹಬ್ಬ. ಒಬ್ಬಟ್ಟು ತಿಂದು ಮಲಗಿದವರೆಲ್ಲ ಮರುದಿನದ ಬಾಡೂಟಕ್ಕೆ ಬಾಯಿ ಬಿಟ್ಟುಕೊಂಡು ಕಾಯುತ್ತಿರುತ್ತಾರೆ. ಆ ದಿನ ಏನು ಮಾಡುತ್ತೇವೋ ವರ್ಷವೆಲ್ಲ ಅದೇ ನಡೆಯುತ್ತದೆ ಎನ್ನುವುದು ಹಿರಿಯರ ನಂಬಿಕೆ. ಹಾಗಾಗಿ ಅವತ್ತು ಯಾರೂ ಜಗಳವಾಡುವುದಿಲ್ಲ, ಅಳುವುದಿಲ್ಲ. ಅಂಥ ದಿನವೇ ನಮ್ಮ ಯಜಮಾನರನ್ನು ಅರಣ್ಯ ಇಲಾಖೆಯವರು ಜೀಪಿನಲ್ಲಿ ಕೂರಿಸಿಕೊಂಡು ಹೋದರು!

ನಮ್ಮೂರು ಜಿಗಣಿ ಕೈಗಾರಿಕಾ ಪ್ರದೇಶಕ್ಕೆ ಅಂಟಿಕೊಂಡಿದೆ. ಒಂದು ಕಡೆ ಕಾರ್ಖಾನೆಗಳ ಕಾಂಪೌಂಡು, ಇನ್ನೊಂದು ಕಡೆ ಕಲ್ಲು ಕ್ವಾರಿ, ಅದರಾಚೆ ಬನ್ನೇರುಘಟ್ಟದ ಕಾಡು. ಹೊಲವಿದ್ದ ಜಾಗದಲ್ಲೆಲ್ಲ ಈಗ ಬಾಡಿಗೆ ರೂಮುಗಳು ಎದ್ದಿವೆ. ಆದರೂ ಗುಡ್ಡೆ ಬಾಡು ಮಾತ್ರ ನಿಂತಿಲ್ಲ. ಬೀದಿಯ ಮನೆಗಳವರೆಲ್ಲ ಸೇರಿ ಕುರಿಗಳನ್ನು ತಂದು, ಬೆಳಗಿನ ಜಾವವೇ ತೋಪಿನಲ್ಲಿ ಕೊಯ್ದು, ಟಾರ್ಪಾಲಿನ ಮೇಲೆ ಮನೆಗೊಂದರಂತೆ ಬಾಡಿನ ಗುಡ್ಡೆ ಹಾಕುತ್ತಾರೆ. ಒಂದು ಕುರಿಯ ತೊಡೆ ಪೂರ್ತಿ ಒಬ್ಬರ ಪಾಲಾಗುವಂತಿಲ್ಲ. ಪ್ರತಿಯೊಂದು ಕುರಿಯಿಂದಲೂ ಒಂದಿಷ್ಟು ಪ್ರತಿಯೊಂದು ಗುಡ್ಡೆಗೂ ಬೀಳಬೇಕು. ಅಂಗಡಿ ಬಾಡಿಗೂ ಗುಡ್ಡೆ ಬಾಡಿಗೂ ಇರುವ ವ್ಯತ್ಯಾಸವೇ ಇದು.

ನಮ್ಮ ಬೀದಿಯ ಗುಡ್ಡೆ ಬಾಡಿನ ಉಸ್ತುವಾರಿ ಮೊದಲಿನಿಂದಲೂ ನಮ್ಮ ಯಜಮಾನರು ಮುನಿರಾಜು ಅವರದು. ಅದರಲ್ಲಿ ಅವರಿಗೆ ವಿಪರೀತ ಜಂಬ. "ನಮ್ ಗುಡ್ಡೇಲಿ ಬನ್ನೂರು ಕುರಿ ಬಿಟ್ರೆ ಬ್ಯಾರೆ ಮಾತೇ ಇಲ್ಲ" ಎಂದು ಮೀಸೆ ತಿರುವುವವರು. ಪಕ್ಕದ ಬೀದಿಯವರು ಒಮ್ಮೆ ಕುರಿಯ ಜೊತೆ ಮೇಕೆ ಕೊಯ್ದರು ಎಂದು ಟೀ ಅಂಗಡಿಯಲ್ಲಿ ಕೂತು ಅವರ ಮಾನ ಹರಾಜು ಹಾಕಿದ್ದರು. ಇಂಥ ವಿಷಯಕ್ಕೆಲ್ಲ ಇಷ್ಟು ಮಾತಾಡಬೇಕಾ ಎಂದು ನಾನು ಬೈದರೆ, "ನಿಂಗೊತ್ತಾಗಲ್ಲ, ಸುಮ್ಕಿರಮ್ಮಿ" ಎನ್ನುತ್ತಿದ್ದರು.

ಅವತ್ತು ನಾನು ಮಸಾಲೆ ರುಬ್ಬಿಟ್ಟು, ಮುದ್ದೆಗೆ ಎಸರಿಟ್ಟು, ಪಾತ್ರೆ ಹಿಡಿದು ತೋಪಿಗೆ ಹೋದೆ. ಬೀದಿಯ ಹೆಂಗಸರೆಲ್ಲ ಪಾತ್ರೆ ಹಿಡಿದು ನಿಂತಿದ್ದರು. ಇನ್ನೇನು ಹಂಚಬೇಕು, ಅಷ್ಟರಲ್ಲಿ ಜೀಪು ಬಂತು. ಇಳಿದ ರೇಂಜರ್ ಸಾಹೇಬರು ಮರ್ಯಾದೆಯಿಂದಲೇ ಮಾತಾಡಿದರು. ಕ್ವಾರಿಯ ಹಿಂದೆ ಅವತ್ತು ಬೆಳಿಗ್ಗೆ ಜಿಂಕೆಯ ತಲೆ ಮತ್ತು ಚರ್ಮ ಸಿಕ್ಕಿದೆಯಂತೆ. ಆ ಜಿಂಕೆಯ ಮಾಂಸವನ್ನು ನಮ್ಮ ಗುಡ್ಡೆಗಳಲ್ಲಿ ಬೆರೆಸಿದ್ದಾರೆ ಎಂದು ಯಾರೋ ಫೋನ್ ಮಾಡಿದ್ದಾರಂತೆ.

"ಅಯ್ಯೋ, ನಮ್ದೆಲ್ಲ ಕುರಿ ಸಾರ್. ಬನ್ನೂರು ಕುರಿ" ಎಂದರು ನಮ್ಮವರು.

"ಒಳ್ಳೇದಾಯ್ತು ಯಜಮಾನ್ರೇ. ಕೊಯ್ದ ಕುರಿಗಳ ತಲೆ, ತೊಗಲು ತೋರಿಸ್ಬಿಡಿ. ನೋಡ್ಕೊಂಡು ಹೊರಟೋಗ್ತೀವಿ."

ಇಷ್ಟು ಸುಲಭದ ಮಾತಿಗೆ ನಮ್ಮವರು ತಡವರಿಸಿದರು. "ತೊಗಲು... ತೊಗಲಿನವನು ತಕ್ಕೊಂಡೋದ ಸಾರ್."

"ತಲೆ?"

"ತಲೆ... ಸುಡಕ್ಕೆ ಕೊಟ್ಟಿವ್ನಿ."

"ಯಾರಿಗೆ ಕೊಟ್ರಿ? ಕರೀರಿ ಅವರನ್ನ."

ನಮ್ಮವರು ಟವೆಲಿನಲ್ಲಿ ಮುಖ ಒರೆಸಿಕೊಂಡರು. ಬಾಯಿ ತೆರೆದರೆ ಮುಚ್ಚದ ಮನುಷ್ಯ ಹೀಗೆ ನಿಂತದ್ದನ್ನು ಕಂಡು ನನಗೂ ಅನುಮಾನ ಹತ್ತಿತು. ರೇಂಜರ್ ಮುಖವೂ ಬದಲಾಯಿತು. ಊರಿನ ಇಬ್ಬರನ್ನು ಸಾಕ್ಷಿಗೆ ನಿಲ್ಲಿಸಿ ಮಹಜರು ಬರೆದು, ಒಂದು ಗುಡ್ಡೆಯನ್ನು ಪೂರ್ತಿಯಾಗಿ ಐಸ್ ಪೆಟ್ಟಿಗೆಗೆ ತುಂಬಿ ಸೀಲ್ ಮಾಡಿದರು. ಉಳಿದ ಗುಡ್ಡೆಗಳನ್ನು ಹಂಚುವಂತಿಲ್ಲ ಎಂದು ಗುಂಡಿ ತೋಡಿಸಿ ಮುಚ್ಚಿಸಿದರು. ನಮ್ಮವರನ್ನು ವಿಚಾರಣೆಗೆ ಎಂದು ಕರೆದುಕೊಂಡು ಹೋದರು. ಹೆಂಗಸರೆಲ್ಲ ಖಾಲಿ ಪಾತ್ರೆ ಹಿಡಿದು ಮನೆಗೆ ಹೋದರು. ನಾನು ರುಬ್ಬಿದ್ದ ಮಸಾಲೆಗೆ ಆಲೂಗಡ್ಡೆ ಹಾಕಿ ಸಾರು ಮಾಡಿದೆ. ವರ್ಷತೊಡಕಿಗೆ ಆಲೂಗಡ್ಡೆ ಸಾರು! ಸೌಟು ತಿರುವುತ್ತಾ ಎಷ್ಟು ಅತ್ತೆನೋ ನನಗೇ ಗೊತ್ತಿಲ್ಲ.

ಸಂಜೆ ಅವರನ್ನು ಕಳಿಸಿಕೊಟ್ಟರು. ಮಾಂಸವನ್ನು ಡಿಎನ್‌ಎ ಪರೀಕ್ಷೆಗೆ ಕಳಿಸುತ್ತಾರಂತೆ. ಜಿಂಕೆ ಎಂದು ಬಂದರೆ ಜೈಲು, ಅಲ್ಲಿಯವರೆಗೆ ಊರು ಬಿಟ್ಟು ಹೋಗುವಂತಿಲ್ಲ.

ಇಲ್ಲಿ ನಮ್ಮ ಸೊಸೆ ಪವಿತ್ರಳ ವಿಷಯ ಹೇಳಬೇಕು. ಜಾಲಹಳ್ಳಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಬೆಳೆದ ಹುಡುಗಿ. ಎಲ್ಲದಕ್ಕೂ ಟೈಮು, ಎಲ್ಲದಕ್ಕೂ ರೂಲ್ಸು. ಆಗ ಅವಳು ನಮ್ಮ ಮನೆಗೆ ಬಂದು ವರ್ಷವೂ ತುಂಬಿರಲಿಲ್ಲ. ಜಿಗಣಿಯ ಒಂದು ಲ್ಯಾಬಿನಲ್ಲಿ ಕೆಲಸ. ಹೋಟೆಲುಗಳಿಗೆ ಬರುವ ಮೀನು, ಮಾಂಸ ಯಾವ ಪ್ರಾಣಿಯದು ಎಂದು ಅಲ್ಲಿ ಪರೀಕ್ಷಿಸುತ್ತಾರೆ. ಅರಣ್ಯ ಇಲಾಖೆಯವರೂ ತಮ್ಮ ಕೇಸುಗಳ ಮಾಂಸ, ಮೂಳೆ, ಚರ್ಮವನ್ನು ಅಲ್ಲಿಗೇ ಕಳಿಸುತ್ತಾರೆ. ನನಗೆ ಅದೆಲ್ಲ ಅರ್ಥವಾಗುತ್ತಿರಲಿಲ್ಲ. ಕೇಳಿದವರಿಗೆ ಸೊಸೆ ಕಂಪನಿಗೆ ಹೋಗುತ್ತಾಳೆ ಎಂದು ಹೇಳಿ ಮುಗಿಸುತ್ತಿದ್ದೆ.

ಅವತ್ತು ಊಟಕ್ಕೆ ಕೂತಾಗ ಮಗ ಮಂಜು, "ಪವಿ, ಅದು ನಿಮ್ ಲ್ಯಾಬ್‌ಗೇ ಬರತ್ತೆ ಅಲ್ವಾ?" ಎಂದ. ನನಗೆ ಹೋದ ಜೀವ ಬಂದ ಹಾಗಾಯಿತು.

"ಸದ್ಯ, ದೇವರು ಕಣ್ಣು ಬಿಟ್ಟ! ನೀನೇ ಒಂಚೂರು ನೋಡ್ಕೊಂಡ್ಬಿಡಮ್ಮ" ಎಂದೆ.

"ನೋಡ್ಕೊಳ್ಳೋದು ಅಂದ್ರೇನತ್ತೆ?" ಎಂದಳು. ಧ್ವನಿ ಮೆತ್ತಗೇ ಇತ್ತು. "ಮಾವನ ಕೇಸು ಇದು. ಆ ಪೆಟ್ಟಿಗೇನ ನಾನು ಮುಟ್ಟೋ ಹಾಗೇ ಇಲ್ಲ. ನಾಳೆ ಹೋದ ತಕ್ಷಣ ನಮ್ಮ ಮೇಡಂಗೆ ಹೇಳಿ ದೂರ ನಿಂತ್ಕೋತೀನಿ."

ಮನೆಯವಳಾಗಿ ಇಂಥ ಮಾತಾಡುತ್ತಾಳಲ್ಲ ಎಂದು ನನಗೆ ಮೈ ಉರಿಯಿತು. ಮರುದಿನ ಸಂಜೆ ಅವಳು ತಂದ ಸುದ್ದಿ ಇನ್ನೂ ಚೆನ್ನಾಗಿತ್ತು. ಪೆಟ್ಟಿಗೆ ಅವರ ಲ್ಯಾಬಿಗೇ ಬಂದಿದೆ. ಇವಳು ತನ್ನ ಮಾವನ ಕೇಸು ಎಂದು ಬರೆದುಕೊಟ್ಟು ಮೀನಿನ ವಿಭಾಗಕ್ಕೆ ಹೋಗಿ ಕೂತಿದ್ದಾಳೆ. ಅಷ್ಟಕ್ಕೇ ಸುಮ್ಮನಿರಬಾರದೇ?

"ಸಾಮಾನ್ಯವಾಗಿ ಒಂದು ಪೆಟ್ಟಿಗೆಯಿಂದ ಒಂದೆರಡು ತುಂಡು ತೆಗೆದು ನೋಡ್ತಾರೆ ಅತ್ತೆ. ಆದ್ರೆ ಗುಡ್ಡೆ ಬಾಡಲ್ಲಿ ಎಲ್ಲಾ ಕುರಿದೂ ಸೇರಿರತ್ತೆ ಅಂತ ಮೇಡಂಗೆ ಗೊತ್ತಿರಲಿಲ್ಲ. ಈ ಪದ್ಧತಿ ಹೀಗಿದೆ, ಅದಕ್ಕೇ ಪ್ರತಿ ತುಂಡನ್ನೂ ಬೇರೆ ಬೇರೆಯಾಗಿ ಪರೀಕ್ಷೆ ಮಾಡಿ ಅಂತ ಅದನ್ನೂ ಬರೆದುಕೊಟ್ಟೆ."

ನಮ್ಮವರ ಕೈಯಲ್ಲಿದ್ದ ಮುದ್ದೆ ತುತ್ತು ಅಲ್ಲೇ ನಿಂತಿತು. "ಎಲ್ಲಾ ತುಂಡೂನಾ?" ಎಂದರು.

"ಹೌದು ಮಾವ. ಎಲ್ಲಾ."

ಅವರ ಹಣೆಯಲ್ಲಿ ಬೆವರು ಒಡೆಯಿತು. ನಾನು ತಡೆಯಲಾರದೆ ಕೂಗಾಡಿದೆ. "ಯಾರಮ್ಮ ನಿನ್ನ ಕೇಳಿದ್ದು? ಒಂದು ತುಂಡು ನೋಡಿ ಕುರಿ ಅಂತ ಬರೆದು ಕಳಿಸ್ತಿದ್ರು, ಮುಗಿದುಹೋಗ್ತಿತ್ತು. ಇರೋ ಬೆಂಕಿಗೆ ತುಪ್ಪ ಸುರಿದು ಬಂದ್ಯಲ್ಲ!" ಅವಳು ತಟ್ಟೆ ತೊಳೆದಿಟ್ಟು ರೂಮಿಗೆ ಹೋದಳು. ನನಗೆ ಕೋಪ ಬಂದದ್ದು ತಪ್ಪು ಎಂದು ಈಗಲೂ ಅನ್ನಿಸುವುದಿಲ್ಲ. ಗಂಡ ಜೈಲಿಗೆ ಹೋಗುವ ಹಾಗಿದ್ದರೆ ಯಾವ ಹೆಂಗಸು ಸುಮ್ಮನಿರುತ್ತಾಳೆ ಹೇಳಿ.

ಅಲ್ಲಿಂದ ಮುಂದಿನ ದಿನಗಳು ಯಾರಿಗೂ ಬೇಡ. ನಾನು ಸೊಸೆಯೊಡನೆ ಮಾತು ಬಿಟ್ಟೆ. ನಮ್ಮವರು ಊಟ ಬಿಟ್ಟರು, ಟೀ ಅಂಗಡಿ ಬಿಟ್ಟರು. ಊರಿನವರಿಗೆ ಮಾತ್ರ ಬಾಯಿತುಂಬ ಕೆಲಸ. ಎದುರು ಮನೆಯ ನಂಜಕ್ಕ ಹಾಲಿನ ಬೂತಿನಲ್ಲಿ ಎಲ್ಲರಿಗೂ ಕೇಳುವಂತೆ, "ನಿಂಗೇನು ಬುಡು ಜಯಕ್ಕ, ಸೊಸೆ ಲ್ಯಾಬಲ್ಲೇ ಅವ್ಳೆ. ಜಿಂಕೆನ ಕುರಿ ಮಾಡಾದು ಎಷ್ಟೊತ್ತು?" ಎಂದಳು. ಹಾಲಿನ ಪ್ಯಾಕೆಟ್ಟನ್ನು ಅವಳ ಮುಖಕ್ಕೇ ಎಸೆಯಬೇಕು ಅನ್ನಿಸಿತು. ಮಾಡು ಎಂದು ಬೇಡಿಕೊಂಡರೂ ಮಾಡದವಳ ಮೇಲೆ ಮಾಡಿದಳೆಂಬ ಅಪವಾದ!

ಅದಕ್ಕಿಂತ ಹೆಚ್ಚಾಗಿ ನನ್ನನ್ನು ತಿನ್ನುತ್ತಿದ್ದದ್ದು ನಮ್ಮವರ ಮುಖ. ಒಂದು ಬೆಳಿಗ್ಗೆ ಅವರು ಮೋಟರ್ ಹಾಕಲು ಹೋದಾಗ ಹಿಂದೆಯೇ ಹೋಗಿ ಕೇಳಿಬಿಟ್ಟೆ. "ನಿಜ ಹೇಳ್ರೀ. ಜಿಂಕೆ ಏನಾದ್ರೂ ಸೇರ್ಸಿದ್ರಾ?"

"ಮಾರಮ್ಮನ ಆಣೆ, ಜಿಂಕೆ ಅಲ್ಲ ಕಣಮ್ಮಿ."

"ಮತ್ಯಾಕೆ ತಲೆ ತೋರ್ಸಕ್ಕೆ ತಡವರಿಸಿದ್ರಿ? ಎಲ್ಲಾ ತುಂಡು ನೋಡ್ತಾರೆ ಅಂದ್ರೆ ಯಾಕೆ ಬೆವರಿದ್ರಿ?"

ಅವರು ಸಂಪಿನ ಮುಚ್ಚಳ ಸರಿಸಿ ನೀರು ನೋಡುವವರಂತೆ ಬಗ್ಗಿದರು. ಆಣೆ ಇಟ್ಟ ಮೇಲೂ ನನಗೆ ನಂಬಿಕೆ ಬರಲಿಲ್ಲ. ಮಾಡಿಬಿಟ್ಟಿದ್ದಾರೆ, ಯಾರದೋ ಮಾತು ಕೇಳಿ ಮಾಡಿಬಿಟ್ಟಿದ್ದಾರೆ ಎಂದುಕೊಂಡು ಅವತ್ತೆಲ್ಲ ಒಲೆಯ ಮುಂದೆ ಕಲ್ಲಿನ ಹಾಗೆ ಕೂತಿದ್ದೆ.

ಅವತ್ತೇ ಸಂಜೆ ಕೆಲಸದಿಂದ ಬಂದ ಪವಿತ್ರ, ನಾನು ಜಗಲಿಯಲ್ಲಿ ಸೊಪ್ಪು ಬಿಡಿಸುತ್ತಿದ್ದಾಗ ಬಂದು ಪಕ್ಕದಲ್ಲಿ ಕೂತಳು. ತಾನೂ ಒಂದು ಹಿಡಿ ಸೊಪ್ಪು ಎಳೆದುಕೊಂಡಳು.

"ಅತ್ತೆ, ಕೋಪ ಮಾಡ್ಕೊಳ್ಳಿ, ಆದ್ರೆ ಒಂದು ಮಾತು ಕೇಳಿ. ಒಂದೇ ತುಂಡು ನೋಡಿ ಕುರಿ ಅಂದಿದ್ರೆ, ಮಿಕ್ಕಿದ್ದರಲ್ಲಿ ಏನಿತ್ತೋ ಅಂತ ಜನ ಮಾವನ್ನ ಕೊನೇವರೆಗೂ ಆಡ್ಕೋತಿದ್ರು. ಮಾವ ತಪ್ಪು ಮಾಡಿಲ್ಲ ಅಂತ ನಂಗೆ ನಂಬಿಕೆ. ಅದಕ್ಕೇ ಎಲ್ಲಾ ನೋಡಿ ಅಂದಿದ್ದು."

ಇಷ್ಟು ವರ್ಷ ಜೊತೆಗೆ ಬಾಳಿದ ನಾನೇ ಅನುಮಾನದಲ್ಲಿ ಬೇಯುತ್ತಿದ್ದೆ. ಮೊನ್ನೆ ಬಂದ ಹುಡುಗಿ ನಂಬಿ ಕೂತಿದ್ದಳು.

"ಅದು ಅಷ್ಟು ಕರೆಕ್ಟಾಗಿ ಗೊತ್ತಾಗತ್ತಾ?" ಎಂದೆ.

"ಗೊತ್ತಾಗತ್ತೆ ಅತ್ತೆ. ಕೊಚ್ಚಿದ್ರೂ, ಬೇಯಿಸಿದ್ರೂ, ಒಣಗಿಸಿದ್ರೂ ಉಗುರಿನಷ್ಟು ತುಂಡು ಸಾಕು. ಕಣ್ಣಿಗೆ ಎಲ್ಲಾ ಬಾಡೂ ಒಂದೇ ಥರ ಕಾಣತ್ತೆ. ಆದ್ರೆ ಒಳಗಿರೋ ಡಿಎನ್‌ಎ ಒಂದೊಂದು ಪ್ರಾಣಿಗೆ ಒಂದೊಂದು ಥರ ಇರತ್ತೆ. ಅದನ್ನ ಓದಿ, ಗೊತ್ತಿರೋ ಪ್ರಾಣಿಗಳ ಜೊತೆ ತಾಳೆ ನೋಡ್ತೀವಿ."

"ಜಿಂಕೆ ಅಂತ ಬಂದ್ಬಿಟ್ರೆ?"

ಅವಳ ಕೈ ನಿಂತಿತು. "ಬಂದ್ರೆ ಅದೂ ನಿಜಾನೇ ಅಲ್ವಾ ಅತ್ತೆ" ಎಂದಳು. ಹೇಳುವಾಗ ಧ್ವನಿ ನಡುಗಿತು. ಇವಳಿಗೂ ಭಯವಿದೆ ಎಂದು ನನಗೆ ಗೊತ್ತಾದದ್ದು ಆಗಲೇ. ಫಲಿತಾಂಶ ಅವಳಿಗೂ ತಿಳಿಯುವಂತಿರಲಿಲ್ಲ. ವರದಿ ಸೀಲಾಗಿ ನೇರವಾಗಿ ಇಲಾಖೆಗೆ ಹೋಗುತ್ತದಂತೆ. ಒಳಗೆ ಹೋಗಿ ಒಂದು ಮಾತು ಕೇಳಿದ್ದರೆ ಯಾರಾದರೂ ಹೇಳುತ್ತಿದ್ದರೋ ಏನೋ, ಅವಳು ಕೇಳಲಿಲ್ಲ. ಅವತ್ತು ಅವಳಿಗೆ ಬಿಸಿಬಿಸಿ ಸೊಪ್ಪಿನ ಸಾರು ಬಡಿಸಿದೆ. ಮಾತು ಪೂರ್ತಿ ಬರಲಿಲ್ಲ, ಆದರೆ ತುಪ್ಪ ಒಂದು ಚಮಚ ಜಾಸ್ತಿಯೇ ಹಾಕಿದೆ.

ಕೊನೆಗೆ ಇಲಾಖೆಯಿಂದ ಕರೆ ಬಂತು. ನಾವು ನಾಲ್ವರೂ ಹೋದೆವು. ಮಹಜರಿಗೆ ಸಾಕ್ಷಿ ಹಾಕಿದ್ದ ಇಬ್ಬರನ್ನೂ ಕರೆಸಿದ್ದರು, ಅವರಲ್ಲೊಬ್ಬ ನಂಜಕ್ಕನ ಗಂಡ. ರೇಂಜರ್ ಸಾಹೇಬರು ಲಕೋಟೆ ಒಡೆದು ಹಾಳೆ ತಿರುವಿದರು. ನಮ್ಮವರ ಕೈ ಹಿಡಿದುಕೊಂಡೆ.

"ಪೆಟ್ಟಿಗೆಯಲ್ಲಿದ್ದ ಅಷ್ಟೂ ತುಂಡನ್ನ ಬೇರೆ ಬೇರೆಯಾಗಿ ಪರೀಕ್ಷೆ ಮಾಡಿದ್ದಾರೆ. ಜಿಂಕೆ ಒಂದೂ ಇಲ್ಲ. ಕಾಡುಪ್ರಾಣಿ ಯಾವುದೂ ಇಲ್ಲ."

ನಾನು ಕುರ್ಚಿಗೆ ಒರಗಿ ಉಸಿರು ಬಿಟ್ಟೆ.

"ಕುರಿ, ಕುರಿ, ಕುರಿ..." ಎಂದು ಅವರು ಬೆರಳಿಟ್ಟು ಓದುತ್ತಾ ಹೋದರು. ಆಮೇಲೆ ಬೆರಳು ನಿಂತಿತು. "ಇಲ್ಲೊಂದೆರಡು ಮಾತ್ರ ಬೇರೆ ಬಂದಿದೆ."

ನಾನು ಮತ್ತೆ ನೆಟ್ಟಗೆ ಕೂತೆ.

"ಮೇಕೆ" ಎಂದರು.

ನಮ್ಮ ಯಜಮಾನರು ತಲೆ ತಗ್ಗಿಸಿದರು. ಕಿವಿ ಕೆಂಪಗಾಯಿತು. ನಂಜಕ್ಕನ ಗಂಡ, "ಏನಂದ್ರಿ? ಮೇಕೆನಾ?" ಎಂದು ಎದ್ದೇ ನಿಂತ. ರೇಂಜರ್ ಸಾಹೇಬರಿಗೆ ಏನೂ ಅರ್ಥವಾಗಲಿಲ್ಲ. "ಯಾಕ್ರೀ ಗಾಬರಿ? ಮೇಕೆ ತಿನ್ನೋದು ಅಪರಾಧ ಅಲ್ಲ" ಎಂದರು.

"ನಮ್ ಬೀದೀಲಿ ಅಪರಾಧ ಸಾರ್!" ಎಂದೆ ನಾನು.

ಆಗ ಹೊರಬಿತ್ತು ನೋಡಿ ನಮ್ಮವರ ಗುಟ್ಟು. ತಂದಿದ್ದ ಕುರಿಗಳಲ್ಲಿ ಒಂದು ಕಾಯಿಲೆ ಬಿದ್ದಿತ್ತಂತೆ. ಕಾಯಿಲೆ ಕುರಿಯನ್ನು ಊರಿಗೆ ತಿನ್ನಿಸಬಾರದೆಂದು ಅದನ್ನು ವಾಪಸು ಕೊಟ್ಟರು, ಕೊನೆ ಗಳಿಗೆಯಲ್ಲಿ ಮೇಕೆಯೇ ಸಿಕ್ಕಿತು. ಮೇಕೆ ಕೊಯ್ದವರನ್ನು ಊರೆಲ್ಲ ಆಡಿಕೊಂಡವರು ತಾವೇ ಮೇಕೆ ತಂದಿದ್ದೇವೆ ಎಂದು ಹೇಗೆ ಹೇಳಿಯಾರು? ಯಾರೂ ತೋಪಿಗೆ ಬರುವ ಮುಂಚೆಯೇ ಕೊಯ್ಸಿ, ಕೊಯ್ಯುವವನಿಗೆ ಕುರಿ, ಮೇಕೆ ಎಲ್ಲದರ ತಲೆ, ತೊಗಲನ್ನೂ ಕೊಟ್ಟು ಬಾಯಿ ಮುಚ್ಚಿಸಿ ಕಳಿಸಿದ್ದರು. ರೇಂಜರ್ ತಲೆ ಕೇಳಿದಾಗ ನಾಲಿಗೆ ತೊದಲಿದ್ದು ಅದಕ್ಕೇ. ಜೈಲಿಗಾದರೂ ಹೋಗುತ್ತೇನೆ, ಮೇಕೆ ಎಂದು ಒಪ್ಪಿಕೊಳ್ಳುವುದಿಲ್ಲ ಎಂಬ ಹಟ! ಇಂಥ ಗಂಡಸಿಗೆ ಏನು ಹೇಳುತ್ತೀರಿ? ನನಗೆ ಒಂದು ಕಣ್ಣಲ್ಲಿ ನಗು, ಇನ್ನೊಂದು ಕಣ್ಣಲ್ಲಿ ನೀರು. "ಮನೆಗೆ ನಡೀರಿ, ನಿಮಗೈತೆ" ಎಂದೆ. ರೇಂಜರ್ ಸಾಹೇಬರು ಹಾಳೆಯಲ್ಲಿ ಮುಖ ಮುಚ್ಚಿಕೊಂಡು ನಕ್ಕರು.

ಆಮೇಲೆ ಅವರು ಪವಿತ್ರಳ ಕಡೆ ತಿರುಗಿದರು. "ಎಲ್ಲಾ ತುಂಡು ನೋಡಿ ಅಂತ ಬರೆದುಕೊಟ್ಟಿದ್ದು ನೀವೇ ಅಲ್ವೇನಮ್ಮ? ಲ್ಯಾಬಿನ ಮೇಡಂ ಹೇಳಿದ್ರು. ನೀವು ಹಾಗೆ ಬರೆದಿಲ್ಲ ಅಂದಿದ್ರೆ ಈ ಅನುಮಾನ ಪೂರ್ತಿ ಹೋಗ್ತಿರಲಿಲ್ಲ. ಈಗ ಯಾರೂ ಬೆರಳು ತೋರಿಸೋ ಹಾಗಿಲ್ಲ" ಎಂದು ಎದ್ದು ನಿಂತು ಕೈ ಮುಗಿದರು. ಯೂನಿಫಾರ್ಮ್ ಹಾಕಿದ ಅಧಿಕಾರಿಯೇ ನನ್ನ ಸೊಸೆಗೆ ಕೈ ಮುಗಿದರು! ಅವಳು ನಾಚಿಕೊಂಡು ಮಂಜುವಿನ ಹಿಂದೆ ಸರಿದಳು.

ಊರಿಗೆ ನಮಗಿಂತ ಮುಂಚೆ ಮೇಕೆ ಸುದ್ದಿ ಮುಟ್ಟಿತ್ತು. ಆಡಿಕೊಂಡು ನಕ್ಕರು, ನಿಜ. ಆದರೆ ಅದೇ ಸಂಜೆ ನಂಜಕ್ಕ ತಾನಾಗಿಯೇ ನಮ್ಮ ಮನೆಗೆ ಬಂದಳು. "ಜಯಕ್ಕ, ಸೊಸೆ ಸುಳ್ಳು ಬರೆಸಂಗಿದ್ರೆ ಮೇಕೆ ಯಾಕ್ ಬರ್ತಿತ್ತು? ಮಾವನ ಮಾನ ಓಗೋ ಇಸ್ಯಾನೇ ಬಂದೈತೆ ಅಂದ್ಮೇಲೆ ಮಿಕ್ಕಿದ್ದೆಲ್ಲ ಸತ್ಯಾನೇ" ಎಂದಳು. ಅಲ್ಲಿಗೆ ಜಿಂಕೆಯ ಮಾತು ನಮ್ಮ ಮನೆಯ ಬಾಗಿಲಿಗೆ ಮತ್ತೆ ಬರಲಿಲ್ಲ. ನಮ್ಮವರು ಒಂದು ವಾರ ಮೀಸೆ ತಿರುವಲಿಲ್ಲ, ಅಷ್ಟೇ.

ಕೆಲವು ತಿಂಗಳ ಮೇಲೆ ಬೇರೊಂದು ಕಡೆ ಹಿಡಿದ ಮಾಂಸವೂ ಕ್ವಾರಿಯ ಹಿಂದೆ ಸಿಕ್ಕ ಚರ್ಮವೂ ಒಂದೇ ಜಿಂಕೆಯವು ಎಂದು ಲ್ಯಾಬಿನಲ್ಲಿ ತಾಳೆಯಾಯಿತು. ಆ ಕೇಸು ಕೋರ್ಟಿನಲ್ಲಿದೆ. ಅದರ ಬಗ್ಗೆ ಇದಕ್ಕಿಂತ ಒಂದಕ್ಷರ ಹೆಚ್ಚು ಬರೆಯಬಾರದೆಂದು ಪವಿತ್ರ ನನಗೆ ಕಟ್ಟಪ್ಪಣೆ ಮಾಡಿದ್ದಾಳೆ, ಹಾಗಾಗಿ ಬರೆಯುವುದಿಲ್ಲ.

ಈ ವರ್ಷದ ವರ್ಷತೊಡಕು ಬಂತು. ನಮ್ಮವರು ತೋಪಿನಲ್ಲಿ ಎಲ್ಲರೆದುರು, "ಈ ಸಲ ಕುರಿ ಜೊತೇಲಿ ಒಂದು ಮೇಕೆನೂ ಐತೆ, ಯಾರಿಗ್ ಬ್ಯಾಡ್ವೋ ಈಗ್ಲೇ ಯೋಳ್ಬುಡಿ" ಎಂದು ಕೂಗಿದರು. ಬಿದ್ದು ಬಿದ್ದು ನಕ್ಕರೇ ಹೊರತು ಯಾರೂ ಬೇಡ ಎನ್ನಲಿಲ್ಲ.

ಗುಡ್ಡೆ ಹಂಚುವಾಗ ನಮ್ಮಲ್ಲಿ ಒಂದು ಕ್ರಮವಿದೆ. ಊರಿಗೆ ನಂಬಿಕೆಯಿರುವ ಒಬ್ಬರು ಗುಡ್ಡೆಗಳಿಗೆ ಬೆನ್ನು ಹಾಕಿ ನಿಲ್ಲುತ್ತಾರೆ. ಹಿಂದೆ ಇನ್ನೊಬ್ಬರು ಒಂದು ಗುಡ್ಡೆಯ ಮೇಲೆ ಕೋಲಿಟ್ಟು "ಇದು ಯಾರಿಗೆ?" ಎನ್ನುತ್ತಾರೆ. ಬೆನ್ನು ಹಾಕಿದವರು ನೋಡದೆ ಒಂದು ಮನೆಯ ಹೆಸರು ಕೂಗಬೇಕು. ಇದುವರೆಗೂ ಅಲ್ಲಿ ನಿಂತವರೆಲ್ಲ ಗಂಡಸರು, ತಲೆ ನರೆತ ಹಿರಿಯರು. ಈ ಸಲ ನಂಜಕ್ಕನ ಗಂಡನೇ, "ಮುನಿರಾಜಣ್ಣನ ಸೊಸೆ ನಿಂತ್ಕಳ್ಳಲಿ" ಎಂದ. ಒಬ್ಬರೂ ಎದುರಾಡಲಿಲ್ಲ.

ಪವಿತ್ರ ಸೆರಗು ಸಿಕ್ಕಿಸಿಕೊಂಡು, ಬೆನ್ನು ಹಾಕಿ, ಕ್ವಾರಿಯ ಕಡೆ ಮುಖ ಮಾಡಿ ನಿಂತಳು. ಒಂದೊಂದೇ ಹೆಸರು ಕೂಗುತ್ತಾ ಹೋದಳು. ನಾನು ಪಾತ್ರೆ ಹಿಡಿದು ಹೆಂಗಸರ ಸಾಲಿನಲ್ಲಿ ನಿಂತಿದ್ದೆ. ಅವಳನ್ನು ನೋಡುತ್ತಾ ನನ್ನ ಎದೆ ತುಂಬಿ ಬಂತು. ನನ್ನ ಮಗನ ಮದುವೆಯ ದಿನವೂ ನನಗೆ ಅಷ್ಟು ಹೆಮ್ಮೆಯಾಗಿರಲಿಲ್ಲ. ನಮ್ಮ ರೂಮಿಗೆ ಹೊಸದಾಗಿ ಬಾಡಿಗೆಗೆ ಬಂದಿದ್ದ ರಾಯಚೂರು ಕಡೆಯ ಹೆಣ್ಣುಮಗಳೊಬ್ಬಳು ಪಕ್ಕದಲ್ಲಿದ್ದಳು. "ಯವ್ವಾ, ಅಕಿ ಯಾರ್ರೀ?" ಎಂದು ಕೇಳಿದಳು.

"ನನ್ನ ಸೊಸೆ" ಎಂದೆ. ಎಷ್ಟು ಜೋರಾಗಿ ಹೇಳಿಬಿಟ್ಟೆನೆಂದರೆ ತೋಪಿನಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿ ನೋಡಿದರು. ಅವಳೊಬ್ಬಳು ಮಾತ್ರ ತಿರುಗಲಿಲ್ಲ.